ಹತ್ತು ಜನ ಸೇರದೆ ಆಗದ ಪ್ರಾರ್ಥನೆ

2020ರ ಮಾರ್ಚ್ ಎರಡನೆಯ ವಾರ, ಕೊರೋನಾ ಹಬ್ಬತೊಡಗಿದ್ದಾಗ, ನಾನು ನಮ್ಮ ಊರಿನ ಪ್ರಾರ್ಥನಾ ಸ್ಥಳಗಳಿಗೆಲ್ಲ ಒಂದೇ ಒಕ್ಕಣೆಯ ಪತ್ರವೊಂದನ್ನು ಕಳುಹಿಸಿದೆ. ಚರ್ಚುಗಳು, ಒಂದು ಮಸೀದಿ, ಒಂದು ದೇವಸ್ಥಾನ, ಯಹೂದಿಗಳ ಮೂರು ಸಿನಗಾಗ್‌ಗಳು, ಎಲ್ಲಕ್ಕೂ ಅದೇ ಪತ್ರ. ಜನರನ್ನು ಸೇರಿಸಬೇಡಿ, ನಿಮ್ಮ ಧರ್ಮಗುರುಗಳು ಒಬ್ಬರೇ ಒಳಗೆ ಪ್ರಾರ್ಥನೆ ಮುಗಿಸಲಿ, ಉಳಿದವರು ಮನೆಯಲ್ಲಿ ಕುಳಿತು ನೇರ ಪ್ರಸಾರದಲ್ಲಿ ನೋಡಲಿ ಎಂಬುದು ಅದರ ಸಾರ. ಮರುದಿನ ಬೆಳಿಗ್ಗೆ ಸಂಪ್ರದಾಯನಿಷ್ಠ ಆರ್ಥೊಡಾಕ್ಸ್ ಸಿನಗಾಗ್‌ನ ರಬ್ಬಿ ಫೋನ್ ಮಾಡಿ, ಬಹಳ ಸೌಜನ್ಯದಿಂದಲೇ, ಈ ಪತ್ರದಲ್ಲಿ ನಮಗೆ ಅನ್ವಯಿಸುವ ಸಾಲು ಒಂದೂ ಇಲ್ಲವಲ್ಲ ಎಂದರು.

ನಾನು ಉತ್ತರ ನ್ಯೂಜೆರ್ಸಿಯ ಒಂದು ಊರಿನ ಆರೋಗ್ಯ ಇಲಾಖೆಯಲ್ಲಿ ತಪಾಸಕಿ. ಹೋಟೆಲುಗಳ ಅಡಿಗೆಮನೆಯಲ್ಲಿ ಫ್ರಿಜ್ಜಿನ ಉಷ್ಣತೆ ನೋಡುವುದು, ಬೇಸಗೆಯಲ್ಲಿ ಈಜುಕೊಳದ ಕ್ಲೋರಿನ್ ಅಳೆಯುವುದು, ಬಾಡಿಗೆ ಮನೆಗಳ ಬೂಷ್ಟು ಮತ್ತು ಇಲಿಗಳ ದೂರು ವಿಚಾರಿಸುವುದು ನನ್ನ ನಿತ್ಯದ ಕೆಲಸ. ಧರ್ಮದ ವಿಚಾರ ಎಂದೂ ನನ್ನ ಮೇಜಿಗೆ ಬಂದದ್ದಲ್ಲ. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆ. ನಮ್ಮೂರಿನ ಈಶ್ವರ ದೇವಸ್ಥಾನದಲ್ಲಿ ಜನ ಬರಲಿ ಬಾರದಿರಲಿ, ಮಳೆಗಾಲದ ಜಡಿಮಳೆಯಲ್ಲಿ ಹಳ್ಳ ದಾಟಲು ಯಾರಿಗೂ ಆಗದಿರಲಿ, ಭಟ್ಟರು ಹೊತ್ತಿಗೆ ಸರಿಯಾಗಿ ಅಭಿಷೇಕ ನೈವೇದ್ಯ ಮುಗಿಸಿ ಬಾಗಿಲು ಹಾಕಿಕೊಂಡು ಬರುತ್ತಿದ್ದರು. ಪೂಜೆ ಆಗಬೇಕು, ಅದಕ್ಕೆ ಒಬ್ಬರಿದ್ದರೆ ಸಾಕು, ನೋಡುವವರು ನಮ್ಮಂಥವರು. ಪತ್ರ ಬರೆಯುವಾಗ ನನ್ನ ತಲೆಯಲ್ಲಿದ್ದುದು ಈ ಚಿತ್ರವೇ ಎಂಬುದು ನನಗೇ ಗೊತ್ತಿರಲಿಲ್ಲ. ಇಲಾಖೆಯ ಭಾಷೆಯಲ್ಲಿ ಬರೆದಿದ್ದೇನೆ, ಆದ್ದರಿಂದ ಅದು ಎಲ್ಲರಿಗೂ ಸಮಾನ ಎಂದುಕೊಂಡಿದ್ದೆ.

ರಬ್ಬಿ ನನಗೆ ಹೇಳಿದ್ದು ಇಷ್ಟು. ಅವರು ಪೂಜಾರಿಯಲ್ಲ, ಶಾಸ್ತ್ರ ಬಲ್ಲ ಗುರು, ಧರ್ಮಸೂಕ್ಷ್ಮದ ಪ್ರಶ್ನೆ ಬಂದಾಗ ತೀರ್ಪು ಹೇಳುವವರು. ಪ್ರಾರ್ಥನೆಗೆ ಅವರಿರಲೇಬೇಕೆಂದಿಲ್ಲ, ಹಾಡಲು ಬಲ್ಲ ಯಾರಾದರೂ ಮುಂದೆ ನಿಂತು ನಡೆಸಬಹುದು. ಇರಲೇಬೇಕಾದದ್ದು ಹತ್ತು ಜನ. ಅದಕ್ಕೆ ಮಿನ್ಯಾನ್ ಎಂದು ಹೆಸರು. ಆರ್ಥೊಡಾಕ್ಸ್ ಪಂಥದಲ್ಲಿ ಹದಿಮೂರು ತುಂಬಿದ ಹತ್ತು ಗಂಡಸರು. ಉದಾರಪಂಥೀಯ ರಿಫಾರ್ಮ್ ಸಿನಗಾಗ್‌ಗಳಲ್ಲಿಯೂ ಬಹುಪಾಲು ನಡುಪಂಥೀಯ ಕನ್ಸರ್ವೇಟಿವ್ ಸಿನಗಾಗ್‌ಗಳಲ್ಲಿಯೂ ಹೆಂಗಸರನ್ನೂ ಸಮಾನವಾಗಿ ಎಣಿಸುತ್ತಾರೆ. ಒಬ್ಬನೇ ಕುಳಿತು ದಿನದ ಮೂರು ಪ್ರಾರ್ಥನೆಗಳ ಬಹುಪಾಲನ್ನು ಹೇಳಿಕೊಳ್ಳಲು ಅಡ್ಡಿಯಿಲ್ಲ. ಆದರೆ ಸುರುಳಿಯಿಂದ ತೋರಾ ಎಂಬ ಧರ್ಮಗ್ರಂಥದ ಪಠಣ, ಸಭೆಯನ್ನು ಪ್ರಾರ್ಥನೆಗೆ ಕರೆಯುವ ಸಾಲು, ಸತ್ತವರಿಗಾಗಿ ಮಕ್ಕಳು ಹೇಳುವ ಕಡ್ಡಿಶ್, ಇವು ಹತ್ತು ಜನರಿಲ್ಲದೆ ಆಗುವುದಿಲ್ಲ. ನೇರ ಪ್ರಸಾರವಂತೂ ಅವರ ಮಟ್ಟಿಗೆ ಎರಡು ಪಟ್ಟು ಅಸಾಧ್ಯ: ತೆರೆಯ ಮೇಲೆ ಕಾಣುವವರನ್ನು ಹತ್ತರ ಲೆಕ್ಕಕ್ಕೆ ಸೇರಿಸುವುದಿಲ್ಲ, ಮೇಲಾಗಿ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗಿನ ಶಬ್ಬತ್ ಎಂಬ ವಿಶ್ರಾಂತಿ ದಿನದಲ್ಲಿ ವಿದ್ಯುತ್ತಿನ ಯಾವ ಗುಂಡಿಯನ್ನೂ ಒತ್ತುವುದಿಲ್ಲ.

ಇಷ್ಟು ಹೇಳಿದವರು ನನ್ನನ್ನು ಅಚ್ಚರಿಗೊಳಿಸಿದ್ದು ಕೊನೆಯಲ್ಲಿ. ಸಿನಗಾಗ್ ಮುಚ್ಚುವುದು ಆಗಲೇ ನಿಶ್ಚಯವಾಗಿದೆ, ನಿಮ್ಮ ಪತ್ರ ಬರುವ ಮೊದಲೇ ನಾವು ಆ ಮಾತಾಡಿ ಮುಗಿಸಿದ್ದೇವೆ ಎಂದರು.

ಅದಕ್ಕೆ ಕಾರಣವಿತ್ತು. ಹಡ್ಸನ್ ನದಿಯ ಆಚೆ, ನ್ಯೂಯಾರ್ಕ್ ರಾಜ್ಯದ ನ್ಯೂ ರೋಶೆಲ್‌ನಲ್ಲಿ, ಮಾರ್ಚ್ ಆರಂಭದಲ್ಲಿ ಯಹೂದಿ ಸಮುದಾಯವೊಂದರೊಳಗೆ ಸೋಂಕು ಹಬ್ಬಿ, ಮಾರ್ಚ್ 10ರಂದು ರಾಜ್ಯಪಾಲರು ಅಲ್ಲಿನ ಸಿನಗಾಗ್ ಒಂದರ ಸುತ್ತ ಒಂದು ಮೈಲಿ ತ್ರಿಜ್ಯದ ನಿಯಂತ್ರಣ ವಲಯ ಘೋಷಿಸಿದ್ದರು. ಅದರ ಹಿಂದಿನ ರಾತ್ರಿ, 9ರಂದು, ಪೂರೀಮ್ ಹಬ್ಬ. ಎಸ್ತೇರಳ ಕಥೆ ಓದುವಾಗ ದುಷ್ಟ ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿರಗಟ್ಟೆ ತಿರುಗಿಸಿ ಗದ್ದಲವೆಬ್ಬಿಸುವ, ಮನೆಮನೆಗೆ ತಿಂಡಿಯ ಪೊಟ್ಟಣ ಹಂಚುವ ಹಬ್ಬ. ರೋಗ ಹರಡಲು ಅದಕ್ಕಿಂತ ಅನುಕೂಲದ ದಿನ ಇರಲಾರದು. ಉತ್ತರ ನ್ಯೂಜೆರ್ಸಿಯ ಬರ್ಗನ್ ಕೌಂಟಿಯ ರಬ್ಬಿಗಳ ಮಂಡಳಿ ಮಾರ್ಚ್ 12ರಂದು ತನ್ನ ವ್ಯಾಪ್ತಿಯ ಸಿನಗಾಗ್‌ಗಳನ್ನೆಲ್ಲ ಮುಚ್ಚಿಸಿತು. ಮನೆಗಳಲ್ಲಿ ಹತ್ತು ಜನ ಸೇರುವುದನ್ನೂ ನಿಷೇಧಿಸಿತು. ನ್ಯೂಜೆರ್ಸಿಯ ಜನರೆಲ್ಲ ಮನೆಯಲ್ಲೇ ಇರಬೇಕೆಂಬ ಸರ್ಕಾರಿ ಆಜ್ಞೆ ಹೊರಬಿದ್ದದ್ದು ಮಾರ್ಚ್ 21ಕ್ಕೆ. ಅಂದರೆ ನಾವು ಯಾರಿಗೆ ತಿಳಿಹೇಳಬೇಕೆಂದು ಹೊರಟಿದ್ದೆವೋ ಅವರು ನಮಗಿಂತ ಒಂಬತ್ತು ದಿನ ಮುಂದಿದ್ದರು.

ಯಾವ ಆಧಾರದ ಮೇಲೆ ಮುಚ್ಚಿದಿರಿ ಎಂದು ಆಮೇಲೆ ಒಮ್ಮೆ ಕೇಳಿದೆ. ಅವರು ಹೇಳಿದ ಪದ ಪಿಕುವಾಖ್ ನೆಫೆಶ್. ಪ್ರಾಣ ಉಳಿಸುವುದು ಎಂದರ್ಥ. ತೋರಾದ ಆಜ್ಞೆಗಳ ಬಗ್ಗೆ ಲೇವಿಯ ಪುಸ್ತಕದಲ್ಲಿ ಇವುಗಳಿಂದ ಮನುಷ್ಯ ಬದುಕಬೇಕು ಎಂಬ ಮಾತಿದೆ. ಬದುಕಬೇಕೆಂದರೆ ಇವುಗಳ ದೆಸೆಯಿಂದ ಸಾಯಬಾರದು ಎಂದೇ ತಾಲ್ಮುದ್ ಎಂಬ ಶಾಸ್ತ್ರಗ್ರಂಥ ಅದನ್ನು ವಿವರಿಸುತ್ತದೆ. ವಿಗ್ರಹಾರಾಧನೆ, ಕೊಲೆ, ನಿಷಿದ್ಧ ಲೈಂಗಿಕ ಸಂಬಂಧ ಎಂಬ ಮೂರನ್ನು ಬಿಟ್ಟರೆ ಪ್ರಾಣಾಪಾಯದೆದುರು ಉಳಿದ ನಿಯಮಗಳೆಲ್ಲ ಸರಿದು ನಿಲ್ಲುತ್ತವೆ. ಇದು ಯಾರೋ ಆಧುನಿಕರು ಕೊಟ್ಟ ವಿನಾಯಿತಿಯಲ್ಲ, ಕಾನೂನಿನೊಳಗಿನ ಕಾನೂನು. 1831ರಲ್ಲಿ ಪ್ರಶ್ಯದ ಪೋಸೆನ್ ನಗರಕ್ಕೆ ಕಾಲರಾ ಬಂದಾಗ ಅಲ್ಲಿನ ರಬ್ಬಿ ಅಕೀವಾ ಈಗರ್ ಬರೆದ ಪತ್ರವೊಂದರ ವಿಷಯವನ್ನೂ ಅವರು ತಿಳಿಸಿದರು. ಒಮ್ಮೆಗೆ ಸುಮಾರು ಹದಿನೈದು ಜನ ಮಾತ್ರ ಸೇರಿ, ಬೆಳಗಿನ ಜಾವದಿಂದ ಸರದಿಯ ಮೇಲೆ ಪ್ರಾರ್ಥಿಸಿ, ನೂಕುನುಗ್ಗಲಾಗದಂತೆ ಬಾಗಿಲಲ್ಲಿ ಕಾವಲು ಇಡಿ ಎಂದು ಆ ಪತ್ರದಲ್ಲಿದೆ. ಸಂಖ್ಯೆಯ ಮಿತಿ, ಪಾಳಿ, ಬಾಗಿಲ ಕಾವಲು: ನಾನು ಮೂರು ದಿನ ಕುಳಿತು ತಯಾರಿಸಿದ ಮಾರ್ಗಸೂಚಿಯ ತಿರುಳು 189 ವರ್ಷಗಳಿಂದ ಅವರ ಕಪಾಟಿನಲ್ಲೇ ಇತ್ತು. ಆಮೇಲಿನ ನನ್ನ ಪತ್ರಗಳಲ್ಲಿ ಆರೋಗ್ಯ ಇಲಾಖೆಯ ಸೂಚನೆಯ ಮೇರೆಗೆ ಎಂಬ ಮಾತು ಕೆಳಕ್ಕಿಳಿಯಿತು. ಮೇಲೆ ಅವರ ರಬ್ಬಿಯ ತೀರ್ಪು ಬಂದಿತು. ನನ್ನ ಮೇಲಧಿಕಾರಿಗೆ ಇದು ಹಿಡಿಸಲಿಲ್ಲ. ಪಾಲನೆ ಆಗುತ್ತಿದೆ ತಾನೇ ಎಂದೆ, ಅವರು ಸುಮ್ಮನಾದರು.

ಉಳಿದ ಎರಡು ಸಿನಗಾಗ್‌ಗಳ ಮಾತನ್ನು ಬೇಗ ಮುಗಿಸಬಹುದು. ರಿಫಾರ್ಮ್‌ನವರು ಆ ವಾರವೇ ಜೂಮ್‌ಗೆ ಹೋದರು. ಕನ್ಸರ್ವೇಟಿವ್ ಪಂಥದ ಕಾನೂನು ಸಮಿತಿ ಮಾರ್ಚ್ ತಿಂಗಳಲ್ಲೇ, ತುರ್ತು ಕಾಲಕ್ಕೆ ಮಾತ್ರ ಎಂಬ ಷರತ್ತು ಹಾಕಿ, ಸ್ಥಳೀಯ ರಬ್ಬಿ ಒಪ್ಪಿದರೆ ದೂರದಿಂದ ಸೇರುವುದಕ್ಕೂ ದಾರಿ ಮಾಡಿಕೊಟ್ಟಿತು. ಯಹೂದಿಗಳು ಎಂಬ ಒಂದೇ ತಲೆಬರಹದ ಕೆಳಗೆ ನಾನು ಮೂವರನ್ನು ಸೇರಿಸಿದ್ದೆ. ಮೂವರ ಅಗತ್ಯಗಳೂ ಬೇರೆ ಬೇರೆ ಇದ್ದವು.

ಏಪ್ರಿಲ್ ತಿಂಗಳು ಹೇಗಿತ್ತೆಂದು ಬರೆಯುವುದು ಕಷ್ಟ. ನನ್ನನ್ನು ಸೋಂಕಿತರ ಸಂಪರ್ಕ ಪತ್ತೆಯ ಕೆಲಸಕ್ಕೆ ಹಾಕಿದ್ದರು. ದಿನವಿಡೀ ಕಿವಿಗೆ ಫೋನು. 8ರ ಸಂಜೆ ಪಾಸೋವರ್ ಹಬ್ಬ ಆರಂಭವಾಯಿತು, ಅಜ್ಜ ಅಜ್ಜಿಯರು ಬೇರೆ ಮನೆಯಲ್ಲಿ ಒಬ್ಬೊಬ್ಬರೇ ಕುಳಿತು ಹಬ್ಬದೂಟ ಮಾಡಿದರು. ಆ ದಿನಗಳಲ್ಲೇ ಒಬ್ಬರು ನನಗೆ ಕರೆ ಮಾಡಿದರು. ಅವರ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು, ಮಣ್ಣಿಗೆ ನಾಲ್ಕೇ ಜನ ಹೋಗಿದ್ದರು. ಅವರ ಪ್ರಶ್ನೆ ಒಂದೇ: ಹತ್ತು ಜನ ಸೇರಲು ಎಂದು ಬಿಡುತ್ತೀರಿ? ತಂದೆತಾಯಿಗಾಗಿ ಮಗ ಹನ್ನೊಂದು ತಿಂಗಳು ದಿನವೂ ಕಡ್ಡಿಶ್ ಹೇಳಬೇಕು. ಅರಮೇಯಿಕ್ ಭಾಷೆಯ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ದೇವರ ಸ್ತುತಿ ಮಾತ್ರ. ಹೇಳುವವನ ಮಾತಿನ ನಡುನಡುವೆ ಸುತ್ತ ನಿಂತವರೆಲ್ಲ ದೇವರ ಮಹಾನಾಮಕ್ಕೆ ಸ್ತೋತ್ರವಾಗಲಿ ಎಂದು ದನಿಗೂಡಿಸಬೇಕು. ದನಿಗೂಡಿಸುವ ಸಭೆ ಇಲ್ಲದಿದ್ದರೆ ಅದನ್ನು ಹೇಳುವಂತಿಲ್ಲ. ಈಗ ತಂದೆಯ ಹೆಸರಿನಲ್ಲಿ ಮಿಶ್ನಾ ಎಂಬ ಶಾಸ್ತ್ರಗ್ರಂಥ ಓದು, ದಾನ ಮಾಡು ಎಂದು ರಬ್ಬಿ ಹೇಳಿದ್ದಾರೆ, ಓದುತ್ತಿದ್ದೇನೆ, ಆದರೆ ದಿನಗಳು ಎಣಿಸಿದ ಹಾಗೆ ಕಳೆಯುತ್ತಿವೆ ಎಂದರು. ನನ್ನ ಬಳಿ ಕೊಡಲು ಉತ್ತರವಿರಲಿಲ್ಲ. ಫೋನಿಟ್ಟ ಮೇಲೆ ಕಾಗದದ ಅಂಚಿನಲ್ಲಿ 11 ಎಂದು ಬರೆದುಕೊಂಡೆ. ನನ್ನ ಕೋಷ್ಟಕದಲ್ಲಿ ಪ್ರಾರ್ಥನೆ ಎಂಬುದು ಅಗತ್ಯವಲ್ಲದ ಚಟುವಟಿಕೆಗಳ ಸಾಲಿನಲ್ಲಿತ್ತು. ಕ್ಷೌರದಂಗಡಿ ಅದರ ಮೇಲಿನ ಸಾಲು.

ಮೇ 22ರಂದು ನ್ಯೂಜೆರ್ಸಿಯಲ್ಲಿ ಬಯಲಿನಲ್ಲಿ 25 ಜನ ಸೇರಲು ಅನುಮತಿ ಸಿಕ್ಕಿತು. ಆರ್ಥೊಡಾಕ್ಸ್ ಒಕ್ಕೂಟ ಅಷ್ಟರಲ್ಲಿ, ಸರ್ಕಾರ ಬಿಟ್ಟರೂ ಕನಿಷ್ಠ ಎರಡು ವಾರ ಕಾದು, ಬೇರೆ ಕಡೆ ತೆರೆದದ್ದರ ಪರಿಣಾಮ ನೋಡಿ ಆಮೇಲೆ ಸೇರಿ ಎಂದು ತನ್ನ ಸಿನಗಾಗ್‌ಗಳಿಗೆ ಸಲಹೆ ಕೊಟ್ಟಿತ್ತು, ನಮ್ಮೂರಿನವರು ಕಾದರು. ಜೂನ್‌ನಲ್ಲಿ ಮನೆಗಳ ಹಿತ್ತಲಲ್ಲಿ ಮಿನ್ಯಾನ್ ಆರಂಭವಾಗುವ ಮುನ್ನಾದಿನ ನಾನು ಅಳತೆಯ ಟೇಪು, ಚಿಕ್ಕ ಬಾವುಟಗಳ ಒಂದು ಕಟ್ಟು ಹಿಡಿದು ಹೋದೆ. ನೆಲದಡಿಯ ಪೈಪು ಗುರುತಿಸಲು ಗ್ಯಾಸಿನವರು ಹುಲ್ಲಿಗೆ ಚುಚ್ಚುತ್ತಾರಲ್ಲ, ಆ ಹಳದಿ ಬಾವುಟಗಳು. ಆರಡಿಗೆ ಒಂದರಂತೆ ಚುಚ್ಚುತ್ತಾ ಹೋದೆ. ಸಿನಗಾಗ್‌ನ ವ್ಯವಸ್ಥೆ ನೋಡಿಕೊಳ್ಳುವ ಗಬ್ಬೈ ಎಂಬ ಹಿರಿಯರು, ಶುಕ್ರವಾರ ಚುಚ್ಚಿದ್ದನ್ನು ಶನಿವಾರ ಯಾರೂ ಕಿತ್ತು ಬೇರೆಡೆ ನೆಡುವಂತಿಲ್ಲ, ಆದ್ದರಿಂದ ಇವತ್ತೇ ಸರಿಯಾಗಿ ಅಳೆದುಬಿಡಿ ಎಂದರು. ಮಕ್ಕಳು ಎಲ್ಲಿ ನಿಲ್ಲುತ್ತಾರೆ, ತಡವಾಗಿ ಬಂದವರು ಯಾವ ಕಡೆಯಿಂದ ಬರುತ್ತಾರೆ, ಮಳೆ ಬಂದರೆ ಎಲ್ಲರೂ ಓಡಿಹೋಗಿ ಗ್ಯಾರೇಜಿನೊಳಗೆ ಒತ್ತಿಕೊಂಡು ನಿಲ್ಲುತ್ತಾರೋ ಹೇಗೆ, ಇವೆಲ್ಲ ಶುಕ್ರವಾರ ಮಧ್ಯಾಹ್ನವೇ ತೀರ್ಮಾನವಾಗಬೇಕಿತ್ತು.

ಮೊದಲ ಸೋಮವಾರ ಬೆಳಿಗ್ಗೆ ನಾನೂ ಹೋಗಿ ಬೇಲಿಯ ಹೊರಗೆ ನಿಂತೆ. ಅಭ್ಯಾಸಬಲದಿಂದ ಬೆರಳು ಚಾಚಿ ಒಂದು, ಎರಡು, ಮೂರು ಎಂದು ಎಣಿಸತೊಡಗಿದಾಗ ಗಬ್ಬೈ ಮಾಸ್ಕಿನೊಳಗೇ ನಕ್ಕು, ನಾವು ಮನುಷ್ಯರನ್ನು ಹಾಗೆ ಎಣಿಸುವುದಿಲ್ಲ ಎಂದರು. ಕೀರ್ತನೆಗಳಲ್ಲಿ ಹೀಬ್ರೂ ಭಾಷೆಯ ಸರಿಯಾಗಿ ಹತ್ತು ಪದಗಳ ಒಂದು ವಾಕ್ಯವಿದೆ. ನಿನ್ನ ಜನರನ್ನು ಕಾಪಾಡು ಎಂದು ಆರಂಭವಾಗುತ್ತದೆ. ತಲೆಗೊಂದು ಪದ ಹೇಳುತ್ತಾ ಹೋಗುತ್ತಾರೆ, ವಾಕ್ಯ ಮುಗಿದರೆ ಮಿನ್ಯಾನ್ ಆಯಿತು. ನನಗೆ ತಟ್ಟನೆ ನಮ್ಮಜ್ಜ ನೆನಪಾದರು. ಕಣದಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುತ್ತಿದ್ದರು. ಎಣಿಸಿದರೆ ಕಡಿಮೆಯಾಗುತ್ತದೆ ಎಂಬ ಅಳುಕು ಎಲ್ಲ ಕಡೆಗೂ ಇದೆ ಎನ್ನಿಸುತ್ತದೆ. ಅಂದಿನಿಂದ ನಾನು ತಲೆ ಎಣಿಸುವುದನ್ನು ಬಿಟ್ಟು ಖಾಲಿ ಉಳಿದ ಬಾವುಟಗಳನ್ನು ಎಣಿಸಿ, ಒಟ್ಟಿನಲ್ಲಿ ಕಳೆದು ಬರೆದುಕೊಳ್ಳತೊಡಗಿದೆ. ಲೆಕ್ಕ ಅದೇ ಬರುತ್ತದೆ, ಯಾರಿಗೂ ಕಸಿವಿಸಿಯಿಲ್ಲ.

ತಂದೆಯನ್ನು ಕಳೆದುಕೊಂಡಿದ್ದವರು ಅಂದು ಮೂಲೆಯ ಬಾವುಟದ ಬಳಿ ನಿಂತಿದ್ದರು. ಅವರ ಸರದಿ ಬಂದಾಗ ಮೊದಲ ಪದವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಆರಡಿ ದೂರದಲ್ಲಿದ್ದವರು ಹತ್ತಿರ ಹೋಗಿ ಭುಜ ಮುಟ್ಟುವಂತಿರಲಿಲ್ಲ. ಎಲ್ಲರೂ ನಿಂತಲ್ಲೇ ನಿಂತು ಕಾದರು.

ಜೂನ್ 9ರಿಂದ ಕಟ್ಟಡದೊಳಗೂ, ಅದರ ಸಾಮರ್ಥ್ಯದ ಶೇಕಡಾ 25 ಅಥವಾ 50 ಜನ, ಯಾವುದು ಕಡಿಮೆಯೋ ಅಷ್ಟಕ್ಕೆ ರಾಜ್ಯದ ಅನುಮತಿ ಬಂದಿತು. ನಮ್ಮೂರಿನ ಆರ್ಥೊಡಾಕ್ಸ್‌ನವರು ಒಳಗೆ ಬರಲು ಇನ್ನೂ ಕೆಲವು ವಾರ ತೆಗೆದುಕೊಂಡರು, ಆ ಅವಧಿಯಲ್ಲಿ ನಾನು ಕಟ್ಟಡವನ್ನು ಮೂಲೆಮೂಲೆಯೂ ನೋಡಿದೆ. ವಾರದ ದಿನಗಳ ಪ್ರಾರ್ಥನೆ ನಡೆಯುತ್ತಿದ್ದುದು ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ: ತಗ್ಗು ಸೂರು, ಕಿಟಕಿಯಿಲ್ಲ, ಗೋಡೆ ತುಂಬ ಪುಸ್ತಕ, ಉದ್ದನೆಯ ಮೇಜಿನ ಸುತ್ತ ಎದುರುಬದುರು ಕುರ್ಚಿಗಳು. ಜನ ಪ್ರೀತಿಯಿಂದ ಬರುವ ಕೋಣೆ ಅದೇ, ರೋಗಕ್ಕೂ ಪ್ರಿಯವಾದದ್ದು ಅದೇ. ಅದಕ್ಕೆ ಬೀಗ ಹಾಕಿಸಿ, ಇಪ್ಪತ್ತು ಜನರಿದ್ದರೂ ಎತ್ತರ ಸೂರಿನ ದೊಡ್ಡ ಸಭಾಂಗಣದಲ್ಲೇ ಪ್ರಾರ್ಥಿಸುವಂತೆ ಒಪ್ಪಿಸಿದೆ. ಗಾಳಿಯಾಡಿಸುವ ಯಂತ್ರದ ಫಿಲ್ಟರನ್ನು ಅದು ತಾಳುವಷ್ಟು ದಟ್ಟವಾದದ್ದಕ್ಕೆ ಬದಲಿಸಿದರು.

ಎಲ್ಲರ ಕಣ್ಣಿಗೂ ತಪ್ಪಿದ್ದು ಫ್ಯಾನಿನ ಸ್ವಿಚ್ಚು. ಥರ್ಮೋಸ್ಟಾಟ್ ಆಟೋದಲ್ಲಿದ್ದರೆ, ಕೋಣೆ ಬೇಕಾದಷ್ಟು ತಣ್ಣಗಾದ ಕೂಡಲೇ ಫ್ಯಾನು ನಿಂತುಬಿಡುತ್ತದೆ, ಗಾಳಿ ಕದಲುವುದಿಲ್ಲ. ಬೇರೆ ಕಟ್ಟಡಗಳಲ್ಲಿ ಯಾರಾದರೂ ಎದ್ದು ಒತ್ತಬಹುದು. ಶಬ್ಬತ್ತಿನಲ್ಲಿ ಯಾರೂ ಒತ್ತುವುದಿಲ್ಲ. ಹೀಗೆ ವಾರದಲ್ಲಿ ಅತಿ ಹೆಚ್ಚು ಜನ ಸೇರುವ ಶನಿವಾರವೇ ಗಾಳಿ ನಿಂತಿರುತ್ತಿತ್ತು. ಶುಕ್ರವಾರ ಮಧ್ಯಾಹ್ನ ಫ್ಯಾನನ್ನು ಆನ್‌ಗೆ ತಿರುಗಿಸುವುದು, ಎರಡು ಬದಿಯ ಬಾಗಿಲುಗಳಿಗೆ ಮರದ ಬೆಣೆ ಕೊಡುವುದು, ಯಾರು ಎಲ್ಲಿ ಕೂರಬೇಕೆಂಬ ನಕ್ಷೆಯನ್ನು ಅಂಟಿಸುವುದು, ಈ ಮೂರನ್ನು ಒಂದು ಕಾಗದದಲ್ಲಿ ಬರೆದು ಬಾಗಿಲಿಗೆ ಹಚ್ಚಿದೆವು. ಶಬ್ಬತ್ತಿನಲ್ಲಿ ಬರೆಯುವುದೂ ನಿಷಿದ್ಧವಾದ್ದರಿಂದ ಬಂದವರ ಹೆಸರನ್ನು ಬಾಗಿಲಲ್ಲಿ ಬರೆದುಕೊಳ್ಳುವ ನಮ್ಮ ಪದ್ಧತಿ ನಡೆಯುತ್ತಿರಲಿಲ್ಲ. ಆಸನದ ನಕ್ಷೆಯೇ ಹಾಜರಿ ಪುಸ್ತಕವಾಯಿತು. ಬಾರದವರ ಕುರ್ಚಿಯ ಮೇಲಿನ ಚೀಟಿಯನ್ನು ಗಬ್ಬೈ ಮಗುಚಿ ಇಡುತ್ತಿದ್ದರು, ಶನಿವಾರ ರಾತ್ರಿ ಅದನ್ನು ನೋಡಿ ನನಗೆ ಪಟ್ಟಿ ಕಳುಹಿಸುತ್ತಿದ್ದರು.

ಹಾಡಿನ ವಿಚಾರದಲ್ಲಿ ಸ್ವಲ್ಪ ಜಟಾಪಟಿಯಾಯಿತು. ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ಮಾರ್ಚ್ 10ರಂದು ನಡೆದ ಗಾಯನ ತಾಲೀಮಿಗೆ ಬಂದಿದ್ದ 61 ಜನರಲ್ಲಿ 53 ಮಂದಿ ಕಾಯಿಲೆ ಬಿದ್ದು ಇಬ್ಬರು ತೀರಿಕೊಂಡ ವರದಿಯನ್ನು ನಾನು ರಬ್ಬಿಯ ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿ, ಮುಂದೆ ನಿಲ್ಲುವವನೊಬ್ಬ ಮಾಸ್ಕ್ ಹಾಕಿಕೊಂಡು ಹೇಳಲಿ, ಉಳಿದವರು ಮನಸ್ಸಿನಲ್ಲೇ ಹಾಡಿಕೊಳ್ಳಲಿ ಎಂದು ಒಪ್ಪಿದರು. ತೋರಾ ಸುರುಳಿಯನ್ನು ಸಭೆಯ ನಡುವೆ ಮೆರೆಸಿ ಎಲ್ಲರೂ ಮುಟ್ಟಿ ಮುತ್ತಿಡುವುದು ನಿಂತಿತು, ಪ್ರಾರ್ಥನೆಯ ಬಳಿಕದ ಫಲಾಹಾರ ನಿಂತಿತು. ಈ ಎರಡನೆಯದನ್ನು ಬಿಡಲು ಜನ ಪಟ್ಟ ಸಂಕಟ ಮೊದಲನೆಯದಕ್ಕಿಂತ ಹೆಚ್ಚಿತ್ತೆಂದು ಗಬ್ಬೈ ಗುಟ್ಟಾಗಿ ಹೇಳಿದರು.

ನನಗೆ ಕಡೆಯವರೆಗೂ ಚುಚ್ಚಿದ್ದು ಇನ್ನೊಂದು. ಆಸನದ ನಕ್ಷೆಯ ಮೊದಲ ಕರಡಿನಲ್ಲಿ ಹೆಂಗಸರ ಭಾಗಕ್ಕೆ ಹತ್ತಿರಹತ್ತಿರ ಏನೂ ಉಳಿದಿರಲಿಲ್ಲ. ಸ್ಥಳ ಕಡಿಮೆ, ಮಿನ್ಯಾನ್‌ಗೆ ಬೇಕಾದವರು ಗಂಡಸರು, ಹೆಂಗಸರಿಗೆ ಸಭೆಯಲ್ಲಿ ಪ್ರಾರ್ಥಿಸುವ ಕಟ್ಟಳೆಯಿಲ್ಲ, ಲೆಕ್ಕ ತನ್ನಷ್ಟಕ್ಕೆ ತಾನೇ ಹಾಗೆ ಬಂದಿತ್ತು. ಸಂಖ್ಯೆ ಕಡಿಮೆ ಮಾಡಿ ಎಂದಾಗ ಯಾರು ಮೊದಲು ಹೊರಗುಳಿಯುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಇಲಾಖೆಯ ಯಾವ ನಮೂನೆಯಲ್ಲೂ ಆ ಪ್ರಶ್ನೆ ಇಲ್ಲ. ಮೂವತ್ತು ವರ್ಷ ಪ್ರತಿ ಶಬ್ಬತ್ತಿಗೆ ಬರುತ್ತಿದ್ದ ವೃದ್ಧೆಯೊಬ್ಬರು ನನ್ನನ್ನೇ ಹಿಡಿದು ಕೇಳಿದರು, ನೀವೂ ಹೆಂಗಸಲ್ಲವೇ ಎಂದು. ಅವರ ಧರ್ಮದ ವಿಂಗಡಣೆಯಲ್ಲಿ ಕೈಹಾಕುವ ಅಧಿಕಾರ ನನಗಿಲ್ಲ. ಆದರೆ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುವ ತೆರೆಯ ಎರಡೂ ಬದಿಗಳು ಬೇರೆ ಬೇರೆ ಸ್ಥಳಗಳು, ಬಾಗಿಲುಗಳೂ ಬೇರೆ, ಹೆಂಗಸರ ಕಡೆಯ ಕುರ್ಚಿಗಳನ್ನು ಖಾಲಿ ಬಿಟ್ಟು ಗಂಡಸರ ಕಡೆ ಹೆಚ್ಚು ಜನರನ್ನು ಕೂರಿಸಿದರೆ ಆ ಬದಿಯಲ್ಲಿ ಆರಡಿ ಉಳಿಯುವುದಿಲ್ಲ ಎಂಬುದು ಶುದ್ಧ ತಪಾಸಕಿಯ ಮಾತು. ಅಷ್ಟನ್ನೇ ಬರೆದೆ. ಎರಡೂ ಬದಿಗೆ ಇರುವ ಜಾಗದ ಪ್ರಮಾಣದಲ್ಲಿ ಆಸನ ಹಂಚಬೇಕೆಂದು ರಬ್ಬಿ ತೀರ್ಮಾನಿಸಿದರು.

ಶರತ್ಕಾಲದ ಹಬ್ಬಗಳಿಗೆ ಪಂಚಾಂಗವೇ ಒಂದು ಸಹಾಯ ಮಾಡಿತು. ಯಹೂದಿ ಹೊಸವರ್ಷದ ಮೊದಲ ದಿನ, ಸೆಪ್ಟೆಂಬರ್ 19, ಶನಿವಾರ ಬಿದ್ದಿತ್ತು. ಶಬ್ಬತ್ತಿನಲ್ಲಿ ಟಗರಿನ ಕೊಂಬಿನ ಶೋಫಾರ್ ಊದುವುದಿಲ್ಲ. ಆದ್ದರಿಂದ ಊದುವ ಕೆಲಸವೆಲ್ಲ 20ರ ಭಾನುವಾರಕ್ಕೆ ಉಳಿಯಿತು. ಉಸಿರನ್ನೇ ತಳ್ಳುವ ವಾದ್ಯ ಅದು. ಮುಚ್ಚಿದ ಸಭಾಂಗಣದಲ್ಲಿ ನೂರು ಸಲ ಊದುವುದನ್ನು ನೆನೆದರೇ ನನಗೆ ನಿದ್ದೆ ಬರುತ್ತಿರಲಿಲ್ಲ. ಕೊಂಬಿನ ಅಗಲ ಬಾಯಿಗೆ ಸರ್ಜಿಕಲ್ ಮಾಸ್ಕ್ ಬಿಗಿದು ರಬ್ಬರ್ ಹಾಕಿದರೂ ದನಿ ಕೆಡುವುದಿಲ್ಲ ಎಂದು ಊದುವವರೇ ಪಾರ್ಕಿಂಗ್ ಬಯಲಿನಲ್ಲಿ ನನಗೆ ಊದಿ ತೋರಿಸಿದರು. ಜೊತೆಗೆ, ಸಿನಗಾಗ್‌ಗೆ ಬಾರದೆ ಮನೆಯಲ್ಲುಳಿದ ವೃದ್ಧರಿಗಾಗಿ ನಾಲ್ಕಾರು ಜನ ಗೊತ್ತಾದ ಹೊತ್ತಿಗೆ ಬೀದಿಯ ತಿರುವುಗಳಲ್ಲಿ ನಿಂತು ಊದಿದರು. ಜನ ಮೆಟ್ಟಿಲ ಮೇಲೆ ಬಂದು ನಿಂತು ಕೇಳಿದರು. ಅಂಗಳದಲ್ಲಿ ಹಾಕಿದ್ದ ದೊಡ್ಡ ಡೇರೆಗೆ ಮಾತ್ರ ಚಳಿಗೆಂದು ನಾಲ್ಕೂ ಬದಿ ಪರದೆ ಇಳಿಬಿಟ್ಟಿದ್ದರು. ನಾಲ್ಕು ಗೋಡೆ ಕಟ್ಟಿದ ಮೇಲೆ ಅದು ಬಯಲಲ್ಲ ಎಂದು ಹೇಳಿ ಎರಡು ಬದಿ ಎತ್ತಿಸಿದೆ.

ಇಷ್ಟೆಲ್ಲ ಕಲಿತೆ ಎಂದುಕೊಂಡಿದ್ದಾಗಲೇ ದೊಡ್ಡ ತಪ್ಪಾದದ್ದು. ಡಿಸೆಂಬರ್ 4, ಶುಕ್ರವಾರ. ನಮ್ಮಲ್ಲಿ ಅಂದು ಸೂರ್ಯಾಸ್ತ ಸುಮಾರು ನಾಲ್ಕೂವರೆಗೆ. ಗುರುವಾರ ಬೆಳಗಿನ ಪ್ರಾರ್ಥನೆಗೆ ಬಂದಿದ್ದ ಒಬ್ಬರ ಪರೀಕ್ಷೆಯ ಫಲಿತಾಂಶ, ಪಾಸಿಟಿವ್ ಎಂದು, ನನ್ನ ಕಂಪ್ಯೂಟರಿಗೆ ಬಂದದ್ದು ಐದಕ್ಕೆ ಕಾಲು ಗಂಟೆ ಇರುವಾಗ. ಅವರ ಅಕ್ಕಪಕ್ಕ ಕುಳಿತವರ ಪಟ್ಟಿ ನನ್ನ ಕೈಯಲ್ಲೇ ಇತ್ತು. ಫೋನ್ ಮಾಡಿದೆ. ಒಂದೊಂದು ಮನೆಯಲ್ಲೂ ಗಂಟೆ ಬಾರಿಸಿ ಬಾರಿಸಿ ನಿಂತಿತು. ಮೂರು ಸಲ ಪ್ರಯತ್ನಿಸಿ, ಸಂದೇಶ ಬಿಟ್ಟು, ಕಡತದಲ್ಲಿ ನಮೂದಿಸಿ ಎಂಬುದು ಇಲಾಖೆಯ ನಿಯಮ. ನಮೂದಿಸಿದೆ, ಮನೆಗೆ ಹೋದೆ. ಶನಿವಾರ ಅವರೆಲ್ಲ ಎಂದಿನಂತೆ ಸಭೆಗೆ ಬಂದಿದ್ದರು. ಮಂಗಳವಾರ ಅವರಲ್ಲೊಬ್ಬರಿಗೆ ಪಾಸಿಟಿವ್ ಬಂದಿತು. ಬೇರೆಯವರಿಗೆ ಹರಡಲಿಲ್ಲ, ಕಿಟಕಿ ಬಾಗಿಲು ತೆರೆದಿದ್ದುದರಿಂದಲೋ ಅದೃಷ್ಟದಿಂದಲೋ ನಾನು ಹೇಳಲಾರೆ.

ರಬ್ಬಿ ಆ ದಿನ ನನ್ನ ಮೇಲೆ ಮೊದಲ ಬಾರಿಗೆ ದನಿ ಏರಿಸಿದರು. ಆ ಮನೆಗಳು ನಿಮ್ಮ ಕಚೇರಿಯಿಂದ ಹತ್ತು ನಿಮಿಷದ ದಾರಿ, ನೀವೇಕೆ ಬಂದು ಬಾಗಿಲು ತಟ್ಟಲಿಲ್ಲ ಎಂದು ಕೇಳಿದರು. ಶಬ್ಬತ್ತಿಗೆ ತೊಂದರೆಯಾಗಬಾರದೆಂದು ಎಂದೆ. ಪ್ರಾಣದ ಮಾತು ಬಂದಾಗ ಶಬ್ಬತ್ತೇ ಸರಿಯುತ್ತದೆ ಎಂದು ಮಾರ್ಚ್‌ನಿಂದ ನಿಮಗೆ ಹೇಳುತ್ತಾ ಬಂದಿದ್ದೇನಲ್ಲ ಎಂದರು. ನಾನು ಗೌರವ ಎಂದುಕೊಂಡಿದ್ದು ಅರ್ಧ ಅಂಜಿಕೆ, ಅರ್ಧ ಶುಕ್ರವಾರ ಸಂಜೆಯ ದಣಿವು. ಮರುವಾರ ಅವರು ಒಂದು ಏರ್ಪಾಟು ಮಾಡಿದರು. ಸಭೆಯ ಒಬ್ಬ ವೈದ್ಯರು ಆಸ್ಪತ್ರೆಯ ತುರ್ತು ಕರೆಗಾಗಿ ಶಬ್ಬತ್ತಿನಲ್ಲೂ ಫೋನ್ ಇಟ್ಟುಕೊಳ್ಳುತ್ತಿದ್ದರು, ಅದು ಅವರ ಕಾನೂನಿಗೆ ಒಪ್ಪಿತವೇ. ಇಂಥ ಸುದ್ದಿಯನ್ನು ಆ ಸಂಖ್ಯೆಗೆ ತಿಳಿಸಿದರೆ ಅವರು ನಡೆದುಹೋಗಿ ಹೇಳುವುದು. ಅವರು ಸಿಗದಿದ್ದರೆ ನಾನೇ ಹೋಗಿ, ಬೆಲ್ ಒತ್ತದೆ, ಬಾಗಿಲು ತಟ್ಟುವುದು. ಇಲಾಖೆಯಲ್ಲಿ ನಾನು ಮಾಡಿಕೊಂಡ ಬದಲಾವಣೆ ಇನ್ನೂ ಚಿಕ್ಕದು: ಶುಕ್ರವಾರದ ಫಲಿತಾಂಶಗಳಲ್ಲಿ ಆ ಬಡಾವಣೆಯವನ್ನು ಮಧ್ಯಾಹ್ನ ಎರಡರೊಳಗೆ ಮೊದಲು ತೆರೆಯುವುದು. ವರ್ಷದ ಎಲ್ಲ ಶುಕ್ರವಾರಗಳ ಸೂರ್ಯಾಸ್ತದ ವೇಳೆಯನ್ನು ಮುದ್ರಿಸಿ ಕಂಪ್ಯೂಟರಿನ ಪಕ್ಕದಲ್ಲಿ ಅಂಟಿಸಿಕೊಂಡೆ.

ಅದೇ ಹೊತ್ತಿಗೆ ಪಕ್ಕದ ನ್ಯೂಯಾರ್ಕ್‌ನಲ್ಲಿ ಇದೇ ವಿಷಯ ನ್ಯಾಯಾಲಯದ ಮೆಟ್ಟಿಲೇರಿ ಇಳಿದಿತ್ತು. ಅಕ್ಟೋಬರ್‌ನಲ್ಲಿ ಅಲ್ಲಿನ ರಾಜ್ಯಪಾಲರು ಸೋಂಕು ಹೆಚ್ಚಿದ ಕಡೆಗಳಲ್ಲಿ ಕೆಂಪು ವಲಯಕ್ಕೆ ಗರಿಷ್ಠ 10, ಕಿತ್ತಳೆ ವಲಯಕ್ಕೆ 25 ಆರಾಧಕರೆಂದು ಮಿತಿ ಹಾಕಿದ್ದರು. ನವೆಂಬರ್ 25ರಂದು ಸುಪ್ರೀಂ ಕೋರ್ಟ್, ಬ್ರೂಕ್ಲಿನ್‌ನ ಕ್ಯಾಥೊಲಿಕ್ ಡಯೊಸಿಸ್ ಹಾಗೂ ಅಗುದತ್ ಇಸ್ರೇಲ್ ಎಂಬ ಆರ್ಥೊಡಾಕ್ಸ್ ಯಹೂದಿ ಸಂಘಟನೆ ಸಲ್ಲಿಸಿದ ಅರ್ಜಿಗಳ ಮೇಲೆ, 5-4ರ ಬಹುಮತದಿಂದ ಅದಕ್ಕೆ ತಡೆ ಕೊಟ್ಟಿತು. ಕಾನೂನಿನ ವಾದಗಳನ್ನು ಬಲ್ಲವರು ಬರೆಯಲಿ. ತಪಾಸಕಿಯಾಗಿ ನನಗೆ ಕಂಡದ್ದು ಒಂದೇ. ಅರ್ಜಿದಾರರ ಕಟ್ಟಡಗಳಲ್ಲಿ ಸಾವಿರ ಜನ ಹಿಡಿಯುವ ಚರ್ಚೂ ಇತ್ತು, 400 ಜನ ಹಿಡಿಯುವ ಸಿನಗಾಗೂ ಇತ್ತು. ಅಲ್ಲಿ ಹತ್ತು ಜನ ಕೂರುವುದೂ, ನಾನು ಬೀಗ ಹಾಕಿಸಿದ ನೆಲಮಾಳಿಗೆಯಲ್ಲಿ ಹತ್ತು ಜನ ಕೂರುವುದೂ ಒಂದೇ ಅಪಾಯವಲ್ಲ. ಹತ್ತು ಎಂಬ ಅಂಕಿ ಮಿನ್ಯಾನ್‌ಗೆ ಸರಿಹೋಗುತ್ತದಲ್ಲ ಎಂದು ನಮ್ಮ ಕಚೇರಿಯಲ್ಲಿ ಒಬ್ಬರು ಅಂದರು. ಹತ್ತು ಗಂಡಸರು ಬಂದ ಮೇಲೆ ಹನ್ನೊಂದನೆಯವಳಾಗಿ ಬಂದ ಆ ವೃದ್ಧೆಯನ್ನು ಬಾಗಿಲಲ್ಲಿ ಯಾರು ತಡೆಯುತ್ತಾರೆ ಎಂದು ನಾನು ಕೇಳಿದೆ.

2021ರ ಮಾರ್ಚ್ ಆರಂಭ. ಮುಂಜಾನೆ ಆರೂಮುಕ್ಕಾಲು, ಪಾರ್ಕಿಂಗ್ ಬಯಲಿನ ಅಂಚಿನಲ್ಲಿ ಹಳೆಯ ಹಿಮದ ರಾಶಿ ಕಪ್ಪಾಗಿ ಬಿದ್ದಿತ್ತು. ಒಳಗೆ ಬರಲು ಇನ್ನೂ ಧೈರ್ಯ ಸಾಲದವರ ಬಯಲು ಮಿನ್ಯಾನ್ ಅದು. ಅಂದು ಆ ಮಗನ ಹನ್ನೊಂದನೆಯ ತಿಂಗಳ ಕೊನೆಯ ಕಡ್ಡಿಶ್ ಎಂದು ಗಬ್ಬೈ ಹಿಂದಿನ ದಿನ ಹೇಳಿದ್ದರಿಂದ, ಬಾವುಟ ನೋಡುವ ನೆಪದಲ್ಲಿ ನಾನೂ ಹೋಗಿದ್ದೆ. ಗಬ್ಬೈ ತಲೆಗೊಂದು ಪದ ಹೇಳುತ್ತಾ ಬಂದು ಒಂಬತ್ತಕ್ಕೆ ನಿಂತರು. ಒಬ್ಬರು ಬಂದಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು, ನಾನು ಲೆಕ್ಕಕ್ಕೆ ಬರುವವಳಲ್ಲ ಎಂಬುದು ನೆನಪಾಗಿ ಅವರಿಗೂ ನಗು, ನನಗೂ ನಗು. ಒಂದು ವರ್ಷ ಜನ ಕಡಿಮೆಯಿರಲಿ ಎಂದು ಅಂಗಲಾಚಿದವಳು, ಕೋಟಿನ ಜೇಬಿನಲ್ಲಿ ಕೈ ಬಿಗಿಹಿಡಿದು ರಸ್ತೆಯ ತಿರುವನ್ನೇ ನೋಡುತ್ತಾ ಇನ್ನೊಬ್ಬ ಬರಲಿ ಎಂದು ಕಾದೆ. ಏಳಕ್ಕೆ ಐದು ನಿಮಿಷ ಇರುವಾಗ ಒಂದು ಕಾರು ತಿರುಗಿ ಒಳಗೆ ಬಂದಿತು. ಗಬ್ಬೈ ಉಳಿದ ಪದವನ್ನು ಹೇಳಿದರು.